ಮೂರು ಸಲ ಸೋಸಿದ್ದು

ಇಳಕಲ್ಲಿನಲ್ಲಿ ಟಿಸಿ ಸುಟ್ಟರೆ ಜನ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ಮುರ್ತುಜಸಾಬರನ್ನು. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ಅಷ್ಟುದ್ದದ ಹೆಸರು ಹೇಳುವ ಪುರುಸೊತ್ತು ಈ ಕಡೆ ಯಾರಿಗೂ ಇಲ್ಲ. ಕಲ್ಲು ಕೊಯ್ಯುವ, ಕಲ್ಲಿಗೆ ಪಾಲಿಶ್ ಹಿಡಿಸುವ ಯಂತ್ರಗಳು ಕರೆಂಟು ಎಳೆದೂ ಎಳೆದೂ ಟಿಸಿಗಳನ್ನು ಹಣ್ಣು ಮಾಡುತ್ತವೆ. ಹುನಗುಂದ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಮುರ್ತುಜಸಾಬರು ನಲವತ್ತು ವರ್ಷದಿಂದ ಅವುಗಳ ಹೊಟ್ಟೆ ಬಿಚ್ಚಿ, ತಂತಿ ಸುತ್ತಿ, ಎಣ್ಣೆ ತುಂಬಿ ಕಳಿಸುತ್ತ ಬಂದಿದ್ದರು.

ಅವರದೊಂದು ಪದ್ಧತಿ ಇತ್ತು. ಎಣ್ಣೆ ಎಲ್ಲಿಂದಲೇ ಬಂದಿರಲಿ, ಡ್ರಮ್ಮಿನ ಸೀಲು ಈಗಷ್ಟೇ ಒಡೆದದ್ದಿರಲಿ, ತಮ್ಮ ಫಿಲ್ಟರ್ ಯಂತ್ರದಲ್ಲಿ ಸೋಸದೆ ಟಿಸಿಗೆ ಹಾಕುವವರಲ್ಲ. ಆ ಯಂತ್ರದಲ್ಲಿ ದಪ್ಪ ಕಾಗದದ ಪದರಗಳು, ಮುಲ್ತಾನಿ ಮಣ್ಣಿನ ಒಂದು ಡಬ್ಬಿ. ಸೋಸಿದ ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಒಡ್ಡಬೇಕು, ಲೋಟದ ಆಚೆ ಇಟ್ಟ ಬೆರಳಿನ ಗೆರೆ ಕಾಣಬೇಕು, ಆಗಲೇ ಅದು ಎಣ್ಣೆ. ತುಂಬಿದ ಮೇಲೆ ಟ್ಯಾಂಕಿನ ಹಿಂಬದಿ, ತಳದ ವಾಲ್ವಿನ ಪಕ್ಕದಲ್ಲಿ, ಹಳದಿ ಬಣ್ಣದಿಂದ ತಾರೀಖು ಬರೆದು, ಎಷ್ಟು ಸಲ ಸೋಸಿದ್ದು ಎಂದು ಬರೆದು, ಸಹಿ ಹಾಕುತ್ತಿದ್ದರು. ಕನ್ನಡಕ ಮನೆಯಲ್ಲಿ ಮರೆತು ಬಂದಾರು, ಹಳದಿ ಬಣ್ಣದ ಪುಟ್ಟ ಡಬ್ಬಿಯನ್ನು ಎಂದೂ ಮರೆತವರಲ್ಲ. ಮುರ್ತುಜಸಾಬರ ಸಹಿ ಇದ್ದ ಟಿಸಿಯನ್ನು ಬೇರೆಯವರು ಮತ್ತೆ ತೆಗೆದು ನೋಡುತ್ತಿರಲಿಲ್ಲ. ಅದೊಂದು ಅಭಿಮಾನ ಅವರಿಗೆ, ಸ್ವಲ್ಪ ಜಾಸ್ತಿಯೇ ಇತ್ತು ಎಂದರೂ ತಪ್ಪಿಲ್ಲ.

ಮಗಳು ಸಾಜಿಯಾ ಈ ಶೆಡ್ಡಿನಲ್ಲೇ ಅಕ್ಷರ ತಿದ್ದಿದವಳು. ಈಗ ಬಾಗಲಕೋಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತ, ಆರು ವರ್ಷದಿಂದ ಪಿಎಚ್.ಡಿ. ಬೆನ್ನು ಹತ್ತಿದ್ದಳು. ಟಿಸಿಯೊಳಗೆ ಹಾಕುವುದು ನೆಲದಡಿಯಿಂದ ತೆಗೆದ ಎಣ್ಣೆ. ಬೇಗ ಬೆಂಕಿ ಹಿಡಿಯುತ್ತದೆ, ಸೋರಿದರೆ ಮಣ್ಣು ಕೆಡುತ್ತದೆ. ಅದರ ಬದಲು ಹೊಂಗೆ ಎಣ್ಣೆ ಹಾಕಿದರೆ ಹೇಗೆ ಎನ್ನುವುದು ಅವಳ ಕೆಲಸ ಎಂದು ತಂದೆಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ಉಳಿದದ್ದನ್ನು ಅವಳ ಗೈಡು ಅನಿಲಕುಮಾರ ಸರ್ ಯಾರಿಗೂ ಬಾಯಿ ಬಿಡಬೇಡ ಎಂದಿದ್ದರು, ಅವಳು ಬಿಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ಅವಳು ಪಿಕಪ್ ಗಾಡಿಯಲ್ಲಿ ಒಂದು ಡ್ರಮ್ಮು ಮತ್ತು ಇಪ್ಪತ್ತು ಲೀಟರಿನ ಒಂದು ಕ್ಯಾನು ತಂದು ಶೆಡ್ಡಿನಲ್ಲಿಳಿಸಿದಳು. ಕಲ್ಲಿನ ಪಾಲಿಶ್ ಕಾರ್ಖಾನೆಯ ಬಸಯ್ಯನವರು ಪ್ರಯೋಗಕ್ಕೆ ತಮ್ಮದೊಂದು ಟಿಸಿ ಕೊಡಲು ಒಪ್ಪಿದ್ದರು. ಸಾಜಿಯಾಳಿಗೆ ಮರುದಿನದಿಂದ ಪರೀಕ್ಷಾ ಡ್ಯೂಟಿ.

"ಅಬ್ಬಾ, ಒಂದು ತಾಸು ಚಲೋತ್ನಂಗ ಕಲಕ್ರಿ, ಹಂಗ ತುಂಬ್ರಿ. ಮತ್ತೇನೂ ಮಾಡಬ್ಯಾಡ್ರಿ. ಕ್ಯಾನು ಮುಟ್ಟಬ್ಯಾಡ್ರಿ, ಅದು ಮುಂದ ಬೇಕಾದ್ರ ಹಾಕಾಕ."

"ಹೂಂ," ಅಂದರು ಮುರ್ತುಜಸಾಬರು.

ಟಿಸಿ ಬರಲು ನಾಲ್ಕು ದಿನ ತಡವಾಯಿತು. ಡ್ರಮ್ಮಿನ ಮುಚ್ಚಳ ತೆಗೆದರೆ ಎಣ್ಣೆ ಮಬ್ಬು. ಕೋಲು ಇಳಿಸಿ ತೆಗೆದರೆ ತುದಿಗೆ ಬೆಳ್ಳನೆಯ ಗಷ್ಟು. ಮುರ್ತುಜಸಾಬರಿಗೆ ಮಗಳ ಬಗ್ಗೆ ಅಯ್ಯೋ ಅನ್ನಿಸಿತು. ಪುಸ್ತಕ ಓದಿದ ಕೂಸು, ಎಣ್ಣೆ ಸ್ವಚ್ಛ ಮಾಡುವುದು ಅದಕ್ಕೇನು ಗೊತ್ತು. ಏನೂ ಮಾಡಬೇಡಿ ಅಂದದ್ದು ತಂದೆಗೆ ತ್ರಾಸು ಕೊಡಬಾರದು ಅಂತಿರಬೇಕು. ಫೋನು ಮಾಡಿ ಕೇಳಿದರೆ ನಾಚಿಕೊಂಡಾಳು. ಹೀಗೆಲ್ಲ ತಾವೇ ಕೇಳಿ ತಾವೇ ಉತ್ತರ ಕೊಟ್ಟುಕೊಂಡು, ಡ್ರಮ್ಮಿನ ಎಣ್ಣೆಯನ್ನೆಲ್ಲ ಒಂದಲ್ಲ, ಮೂರು ಸಲ ಸೋಸಿದರು. ಲೋಟದಲ್ಲಿ ಬೆರಳಿನ ಗೆರೆ ಕಂಡಿತು. ತುಂಬಿದರು. ಯಂತ್ರದ ಕಾಗದಕ್ಕೆ ಮೆತ್ತಿದ ಬಿಳಿ ಗಷ್ಟನ್ನು ಮಣ್ಣಿನ ಸಮೇತ ಕೆರೆದು ತಿಪ್ಪೆಗೆ ಎಸೆದರು. ಮಗಳಿಗೆ "ತುಂಬೇನಿ" ಎಂದಷ್ಟೇ ಹೇಳಿದರು.

ಮೂರು ತಿಂಗಳು ಟಿಸಿ ತಣ್ಣಗೆ ದುಡಿಯಿತು. ಮೇ ತಿಂಗಳ ಬಿಸಿಲಿಗೆ ಅಕ್ಕಪಕ್ಕದ ಟಿಸಿಗಳು ಕೈ ಇಡಲಾಗದಷ್ಟು ಕಾದರೆ, ಇದರ ಮೈ ಅಷ್ಟು ಸುಡುತ್ತಿರಲಿಲ್ಲ. ಬಸಯ್ಯನವರು ಬಂದವರಿಗೆಲ್ಲ ಕೈ ಇಡಿಸಿ ತೋರಿಸುತ್ತಿದ್ದರು. ಸಾಜಿಯಾ ತಿಂಗಳಿಗೊಮ್ಮೆ ಬಂದು ಒಂದು ಬಾಟ್ಲಿ ಎಣ್ಣೆ ಹಿಡಿದು, ಸೀಲು ಮಾಡಿ, ಒಯ್ಯುತ್ತಿದ್ದಳು. ಬರುವ ಸೋಮವಾರ ಪರೀಕ್ಷಕರ ತಂಡ ಇಳಕಲ್ಲಿಗೇ ಬಂದು, ಎಲ್ಲರೆದುರು ಎಣ್ಣೆ ತೆಗೆದು ನೋಡುವುದಿತ್ತು. ಅವರು ಹೂಂ ಅಂದರೆ ಸಾಜಿಯಾ ಡಾಕ್ಟರು.

ಗುರುವಾರ ಬೆಳಿಗ್ಗೆ ಬಸಯ್ಯನವರು ಮುರ್ತುಜಸಾಬರನ್ನು ಕಾರ್ಖಾನೆಗೆ ಕರೆಸಿ, ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ಪೇಪರು ಬಿಚ್ಚಿದರು.

"ಮಗಳ ಫೋಟೋ ಬಂದೈತಿ ಸಾಬರ. ಕೇಳ್ರಿಲ್ಲೆ, ಓದತೇನಿ."

ಕಾಲೇಜಿನವರು ಕೊಟ್ಟ ಸುದ್ದಿ. ಬಸಯ್ಯನವರು ಒಂದೊಂದೇ ಶಬ್ದ ಬಿಡಿಸಿ ಓದಿದರು. ಹೊಂಗೆ ಎಣ್ಣೆಯನ್ನು ಈ ಮೊದಲೂ ಹಲವರು ಬಳಸಿ ನೋಡಿದ್ದಾರೆ. ಸಾಜಿಯಾ ಅವರ ಆರು ವರ್ಷದ ಶ್ರಮ ಇರುವುದು ಅದಕ್ಕೆ ಬೆರೆಸಿದ ಬಿಳಿ ಪುಡಿಯಲ್ಲಿ. ಕೂದಲೆಳೆಗಿಂತ ಸಾವಿರಪಾಲು ಸಣ್ಣ ನ್ಯಾನೊ ಕಣಗಳ ಈ ಪುಡಿ ಎಣ್ಣೆಯ ಬಿಸಿಯನ್ನು ಬೇಗ ಹೊರಹಾಕುತ್ತದೆ, ಹೆಚ್ಚು ವೋಲ್ಟೇಜ್ ತಡೆಯುತ್ತದೆ. ಪುಡಿ ಬೆರೆತ ಎಣ್ಣೆ ನೋಡಲು ಮಬ್ಬಾಗಿರುತ್ತದೆ.

ಮುರ್ತುಜಸಾಬರ ಕೈಯಲ್ಲಿದ್ದ ಬಸಿಯ ಚಹಾ ಪೈಜಾಮಿನ ಮೇಲೆ ಚೆಲ್ಲಿತು.

"ಬಿಸಿ ಐತೇನ್ರಿ?" ಎಂದರು ಬಸಯ್ಯನವರು.

"ಇಲ್ರಿ ಅಯ್ಯಾರ. ಚಲೋ ಐತಿ."

ಶೆಡ್ಡಿಗೆ ಬಂದು ಸುಮ್ಮನೆ ಕೂತರು. ಎದುರಿಗೆ ಫಿಲ್ಟರ್ ಯಂತ್ರ. ಆರು ವರ್ಷದ ಶ್ರಮವನ್ನು ಮೂರು ಸಲ ಸೋಸಿ, ಕೆರೆದು, ತಿಪ್ಪೆಗೆ ಹಾಕಿದ್ದರು. ಅದೂ ಹೆಮ್ಮೆಯಿಂದ. ಸೋಮವಾರ ವಾಲ್ವು ತಿರುವಿದ ಕೂಡಲೇ ಕನ್ನಡಿಯಂಥ ಎಣ್ಣೆ ಬರುತ್ತದೆ, ಪುಡಿ ಎಲ್ಲಿ ಎಂದು ದೊಡ್ಡ ಮಂದಿ ಕೇಳುತ್ತಾರೆ, ಮಗಳು ಬಾಯಿ ಬಾಯಿ ಬಿಡುತ್ತಾಳೆ. ಸುಳ್ಳಿ ಅನ್ನಿಸಿಕೊಳ್ಳುತ್ತಾಳೆ. ಊಟದ ಹೊತ್ತಿಗೆ ಮನೆಗೆ ಹೋದರು. ಹೆಂಡತಿ ಗುಲಾಬಬಿ ರೊಟ್ಟಿ ಹಾಕಿದರೆ ಮುರಿದು ಮುರಿದು ತಾಟಿನಲ್ಲೇ ಬಿಟ್ಟರು.

"ಮಗಳ ಹೆಸರು ಪೇಪರಿನ್ಯಾಗ ಬಂದೈತಿ, ನಿಮ್ಮ ಮಾರಿ ಯಾಕ ಹಿಂಗ ಆಗೇತಿ? ದವಾಖಾನಿಗೆ ಹೋಗೂಣೇನು?" ಎಂದಳು ಆಕೆ.

"ದವಾಖಾನಿ ಯಾಕ. ನಾಳಿ ಬಾಗಲಕೋಟಿಗೆ ಹೋಗಿ ಬರ್ತೇನಿ," ಎಂದರು. ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದರು.

ಶುಕ್ರವಾರ ಬೆಳಿಗ್ಗೆಯ ಬಸ್ಸು ಹುನಗುಂದ ದಾಟಿ ಅಮೀನಗಡದಲ್ಲಿ ನಿಂತಿತು. ಮುರ್ತುಜಸಾಬರು ಇಳಿದು ಕರದಂಟಿನ ಒಂದು ಪೊಟ್ಟಣ ಕೊಂಡರು. ತಪ್ಪೊಪ್ಪಿಕೊಳ್ಳಲು ಹೊರಟವನು ಸಿಹಿ ಕೊಂಡೊಯ್ಯುವುದೇನು ಎಂದು ಆಮೇಲೆ ನಾಚಿಕೆಯಾಯಿತು. ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡರು. ಸಾಜಿಯಾ, ಒಂದು ತಪ್ಪಾಗೇತಿ. ಸಾಜಿಯಾ, ಆ ಎಣ್ಣಿ ನೋಡು. ನವನಗರದ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಮಾತೆಲ್ಲ ಚದುರಿ ಹೋಗಿದ್ದವು.

ಪ್ರಯೋಗಾಲಯದಲ್ಲಿ ಸಾಜಿಯಾ ಒಂದು ದಪ್ಪ ವರದಿಯ ಮುಂದೆ ಕೂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ತಂದೆಯನ್ನು ನೋಡಿ ಎದ್ದು ನಿಂತಳು, ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಕಣ್ಣಿಗೆ ಕಣ್ಣು ಕೊಟ್ಟು ಮಾತ್ರ ನೋಡಲಿಲ್ಲ. ಮುರ್ತುಜಸಾಬರಿಗೆ ತಮ್ಮ ಗಾಬರಿಯೊಳಗೆ ಅದು ಹೊಳೆಯಲಿಲ್ಲ.

"ಸಾಜಿಯಾ, ಆ ಎಣ್ಣಿ ಐತೆಲ್ಲ..."

"ಅಬ್ಬಾ, ಎಣ್ಣಿ ಮಾತು ಇವತ್ತ ಬ್ಯಾಡ್ರಿ. ಸೋಮವಾರ ಎಲ್ಲಾ ಹೇಳ್ತೇನಿ. ಅಲ್ಲೀತನಕ ಟಿಸಿ ಕಡೆ ಹೋಗಬ್ಯಾಡ್ರಿ. ಏನೂ ಮಾಡಬ್ಯಾಡ್ರಿ."

"ಅಲ್ಲವ್ವಾ, ಒಂದು ಮಾತು..."

ಅಷ್ಟರಲ್ಲಿ ಅನಿಲಕುಮಾರ ಸರ್ ಬಂದರು. ಮುರ್ತುಜಸಾಬರ ಕೈ ಹಿಡಿದು, ಇಂಥ ಮಗಳನ್ನು ಪಡೆದ ನೀವೇ ಪುಣ್ಯವಂತರು ಎಂದರು. ಹೊರಗಿನಿಂದ ಬರುವ ಪರೀಕ್ಷಕಿ ಶಿವಗಂಗಾ ಮೇಡಂ ಭಾರಿ ಕಟ್ಟುನಿಟ್ಟು, ಒಂದಕ್ಷರ ಹೆಚ್ಚುಕಡಿಮೆಯಾದರೂ ಬಿಡುವವರಲ್ಲ, ಎಂದೂ ಸೇರಿಸಿದರು. ಮುರ್ತುಜಸಾಬರು ಕುರ್ಚಿಯಿಂದ ಎದ್ದರು. ಕರದಂಟಿನ ಪೊಟ್ಟಣ ಟೇಬಲ್ಲಿನ ಮೇಲಿಟ್ಟು, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸು ಹೊರಟರು.

ಹೇಳಲಿಕ್ಕಾಗದವನ ತಲೆ ಬೇರೆ ದಾರಿ ಹುಡುಕುತ್ತದೆ. ಶನಿವಾರವೆಲ್ಲ ಅವರ ಕಣ್ಣು ಶೆಡ್ಡಿನ ಮೂಲೆಯ ಆ ಇಪ್ಪತ್ತು ಲೀಟರಿನ ಕ್ಯಾನಿನ ಮೇಲೆಯೇ ಇತ್ತು. ಅದು ಸೋಸದ ಎಣ್ಣೆ. ಅದರಲ್ಲಿ ಪುಡಿ ಹಾಗೇ ಇತ್ತು. ಪರೀಕ್ಷಕರು ಎಣ್ಣೆ ತೆಗೆಯುವುದು ತಳದ ವಾಲ್ವಿನಿಂದ. ಅಲ್ಲಿಂದ ಹತ್ತು ಲೀಟರು ಇಳಿಸಿ, ಕೈಪಂಪಿನಿಂದ ಹತ್ತು ಲೀಟರು ಮಬ್ಬು ಎಣ್ಣೆ ಏರಿಸಿದರೆ ಬರುವುದೆಲ್ಲ ಮಬ್ಬೇ. ಮಗಳು ಬಚಾವು. ನಲವತ್ತು ವರ್ಷದಲ್ಲಿ ಒಂದು ಸಲವೂ ಕಳ್ಳಕೆಲಸ ಮಾಡದವರು, ಬೆಳಗಾಗುವುದರೊಳಗೆ ಅದರ ನಕ್ಷೆಯನ್ನೆಲ್ಲ ಹಾಕಿ ಮುಗಿಸಿದ್ದರು.

ಭಾನುವಾರ ಬೆಳಿಗ್ಗೆ ದುರಸ್ತಿಗೆಂದು ಆ ಕಡೆ ಮೂರು ತಾಸು ಲೈನು ಬಂದ್ ಇತ್ತು. ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕನಕಪ್ಪ ಬೀಡಿ ಸೇದುತ್ತ ಕೂತಿದ್ದ.

"ಏನ್ರಿ ಸಾಬರ, ಸೂಟಿ ದಿನ?"

"ನಾಳಿ ದೊಡ್ಡ ಮಂದಿ ಬರ್ತಾರ. ಒಂದೀಟು ಒರೆಸಿ ಹೋಗ್ತೇನಿ."

"ಮಾಲಕರಿಗೆ ಹೇಳ್ಲೇನ್ರಿ?"

"ಬ್ಯಾಡ ಬ್ಯಾಡ."

ಕನಕಪ್ಪ ಎದ್ದು ಗೇಟು ತೆರೆದ. ಮುರ್ತುಜಸಾಬರ ಮೇಲೆ ಅನುಮಾನ ಪಡುವುದು ಹೇಗೆ ಎಂದು ಆ ಊರಿನಲ್ಲಿ ಯಾರೂ ಕಲಿತಿರಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು.

ಕರೆಂಟು ಇಲ್ಲದ್ದನ್ನು ಎರಡೆರಡು ಸಲ ಪರೀಕ್ಷಿಸಿ ವಾಲ್ವು ತಿರುವಿದರು. ತಿಳಿಯಾದ ಹೊಂಬಣ್ಣದ ಎಣ್ಣೆ, ಅವರದೇ ಕೈಕೆಲಸ, ಸದ್ದಿಲ್ಲದೆ ಒಂದು ಖಾಲಿ ಕ್ಯಾನಿಗೆ ಇಳಿಯಿತು. ಆಮೇಲೆ ಪಂಪು ಜೋಡಿಸಿ ಮಬ್ಬು ಎಣ್ಣೆ ಏರಿಸಿದರು. ಪಂಪಿನ ಹಿಡಿಕೆ ಒತ್ತಿ ಒತ್ತಿ ಅಂಗಿ ಬೆನ್ನಿಗೆ ಅಂಟಿತ್ತು. ಗೇಟಿನ ಕಡೆಯಿಂದ ಏನೋ ಸಪ್ಪಳವಾದರೆ ಹೌಹಾರಿ ನಿಂತರು, ಕನಕಪ್ಪ ಕೆಮ್ಮಿದ್ದು. ಕೆಲಸ ಮುಗಿದು ವಾಲ್ವು ಒರೆಸಿದಾಗ ಕೈ ತಾನಾಗಿ ಚೀಲದೊಳಗೆ ಹೋಗಿ ಹಳದಿ ಡಬ್ಬಿಯನ್ನು ಹಿಡಿಯಿತು.

ಆಗಲೇ ಅವರು ವಾಲ್ವಿನ ಪಕ್ಕ ನೋಡಿದ್ದು. ಅಲ್ಲಿ ಫೆಬ್ರವರಿಯ ತಾರೀಖಿನ ಕೆಳಗೆ ತಮ್ಮದೇ ದುಂಡಗಿನ ಅಕ್ಷರ: ಮೂರು ಸಲ ಸೋಸಿದ್ದು. ಕೆಳಗೆ ಸಹಿ. ಕೈರೂಢಿಯಿಂದ ಬರೆದದ್ದು ಅವರಿಗೇ ಮರೆತಿತ್ತು. ಒಂದು ಗಳಿಗೆ ಅದನ್ನು ಕೆರೆದು ಹಾಕಲು ಸ್ಕ್ರೂಡ್ರೈವರ್ ಎತ್ತಿದರು. ಎತ್ತಿದ ಕೈ ಇಳಿಯಲಿಲ್ಲ. ಸಹಿಯನ್ನು ಕೆರೆಯುವುದು ಅವರಿಂದಾಗಲಿಲ್ಲ. ದೊಡ್ಡ ಮಂದಿ ಟಿಸಿಯ ಹಿಂದೆ ಬಗ್ಗಿ ನೋಡಲಿಕ್ಕಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಡಬ್ಬಿಯನ್ನು ತೆರೆಯದೆ ಚೀಲಕ್ಕೆ ಹಾಕಿದರು. ಬರೆಯದೆ ಬಿಟ್ಟುಬಂದ ಮೊದಲ ಕೆಲಸ ಅದು.

ಸೋಮವಾರ ಹತ್ತು ಗಂಟೆಗೆ ಜೀಪು ಬಂತು. ಅನಿಲಕುಮಾರ ಸರ್, ಜೊತೆಗೆ ಎತ್ತರದ, ಬೆಳ್ಳಿಗೂದಲ ಶಿವಗಂಗಾ ಮೇಡಂ, ಹಿಂದೆ ಸಾಜಿಯಾ. ಬಸಯ್ಯನವರು ಯಂತ್ರ ನಿಲ್ಲಿಸಿ, ಲೈನು ತೆಗೆಸಿ, ಟಿಸಿಯ ಬಳಿ ನೆರಳಿಗೆ ಶಾಮಿಯಾನ ಕಟ್ಟಿಸಿದ್ದರು. ಮುರ್ತುಜಸಾಬರು ಹಿಂದೆ ಒಂದು ಕಲ್ಲಿನ ಚಪ್ಪಡಿಗೆ ಆತು ನಿಂತರು. ಇನ್ನು ಅರ್ಧ ತಾಸು, ಆಮೇಲೆ ಎಲ್ಲ ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು.

ಸಾಜಿಯಾ ವರದಿ ಬಿಚ್ಚಿದಳು. ಸ್ವರ ಗಟ್ಟಿಯಾಗಿತ್ತು.

"ಮೇಡಂ, ವಾಲ್ವು ತೆಗೆಯೂಕಿಂತ ಮೊದಲ ಒಂದು ವಿಷಯ ಹೇಳಬೇಕ್ರಿ. ಪೇಪರಿನ್ಯಾಗ ಬಂದದ್ದು ಕಾಲೇಜಿನವರು ಮೊದಲ ಬರೆದಿಟ್ಟ ಸುದ್ದಿ. ಖರೆ ಏನಂದ್ರ, ಈ ಟಿಸಿಯೊಳಗ ನ್ಯಾನೊ ಪುಡಿ ಇಲ್ಲ. ತುಂಬೂಕಿಂತ ಮೊದಲ ಎಣ್ಣಿ ಸೋಸ್ಯಾರ. ನನಗ ಮೊದಲನೇ ವಾರ, ಮೊದಲನೇ ಬಾಟ್ಲಿ ಹಿಡದಾಗನ ಗೊತ್ತಾತು." ಆಕೆ ಎಲ್ಲರನ್ನೂ ಟಿಸಿಯ ಹಿಂಬದಿಗೆ ಕರೆದೊಯ್ದು ಹಳದಿ ಅಕ್ಷರ ತೋರಿಸಿದಳು. "ಮೂರು ತಿಂಗಳ ಚಲೋ ನಡೆದದ್ದು ಬರೇ ಹೊಂಗಿ ಎಣ್ಣಿಯಿಂದ. ಪುಡಿದು ಇದರಾಗ ಏನೂ ಪಾಲಿಲ್ಲ. ಹಂಗಂತನ ವರದಿಯೊಳಗ ಬರ್ದೇನಿ. ಪುಡಿ ಹಾಕಿ ಇನ್ನೊಂದು ಸಲ ನೋಡಾಕ ಟೈಮ್ ಕೇಳ್ತೇನಿ."

ಮುರ್ತುಜಸಾಬರಿಗೆ ಮೊದಲು ಆದದ್ದು ಹಗುರ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ, ತಂದೆ ನೊಂದಾರೆಂದು. ಮರುಕ್ಷಣವೇ ನಿನ್ನೆಯ ಕೆಲಸ ನೆನಪಾಯಿತು. ಪುಡಿ ಇಲ್ಲ ಎಂದು ಅವಳು ಎಲ್ಲರೆದುರು ಹೇಳಿಬಿಟ್ಟಿದ್ದಳು. ವಾಲ್ವಿನ ಹಿಂದೆ ಹತ್ತು ಲೀಟರು ಪುಡಿಯ ಎಣ್ಣೆ ಕಾಯುತ್ತಿತ್ತು.

"ಸರಿ. ಎಣ್ಣೆ ತೆಗೀರಿ, ನೋಡೋಣ," ಎಂದರು ಶಿವಗಂಗಾ ಮೇಡಂ.

ತಡೀರಿ ಎನ್ನಬೇಕೆಂದು ಮುರ್ತುಜಸಾಬರು ಹೆಜ್ಜೆ ಎತ್ತುವಷ್ಟರಲ್ಲಿ ತಡವಾಗಿತ್ತು. ಸಾಜಿಯಾ ವಾಲ್ವು ತಿರುವಿ, ಮೊದಲ ಎಣ್ಣೆಯನ್ನು ಬಕೇಟಿಗೆ ಬಿಟ್ಟು, ಆಮೇಲೆ ಬಾಟ್ಲಿ ಹಿಡಿದಳು. ಬಾಟ್ಲಿ ತುಂಬಿತು. ಬಿಸಿಲಿಗೆ ಎತ್ತಿದಳು. ಅದರೊಳಗಿನ ಎಣ್ಣೆ ಮಬ್ಬಾಗಿತ್ತು.

ಅನಿಲಕುಮಾರ ಸರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಶಿವಗಂಗಾ ಮೇಡಂ ಬಾಟ್ಲಿ ತೆಗೆದುಕೊಂಡು, ಆಚೆ ಬೆರಳು ಹಿಡಿದು ನೋಡಿದರು. ಬೆರಳು ಕಾಣಲಿಲ್ಲ.

"ಪುಡಿ ಇಲ್ಲ ಅಂದ್ರಿ. ಇದೇನು?"

"ಗೊತ್ತಿಲ್ರಿ ಮೇಡಂ. ಹೋದ ತಿಂಗಳ ತಿಳಿ ಇತ್ತು. ಬಾಟ್ಲಿ ಸೀಲು ಮಾಡಿ ಇಟ್ಟೇನಿ."

"ವರದಿಯಲ್ಲಿ ಇಲ್ಲ, ಬಾಟ್ಲಿಯಲ್ಲಿ ಇದೆ. ನಾನು ಯಾವುದನ್ನು ನಂಬಲಿ? ಇಷ್ಟೆಲ್ಲ ಆದಮೇಲೆ ನಿಮ್ಮ ಆ ಮೂರು ಬಾಟ್ಲಿಗಳನ್ನಾದರೂ ಹೇಗೆ ನಂಬಲಿ?"

ಸಾಜಿಯಾ ಬಾಟ್ಲಿಯನ್ನು ನೋಡಿದಳು, ವಾಲ್ವು ನೋಡಿದಳು. ವಾಲ್ವಿನ ಸುತ್ತ ಬಟ್ಟೆಯಿಂದ ಒರೆಸಿದ ಗುರುತು. ಹಾಗೆ ಎಡದಿಂದ ಬಲಕ್ಕೆ ಒರೆಸುವವರು ಯಾರೆಂದು ಶೆಡ್ಡಿನಲ್ಲಿ ಬೆಳೆದವಳಿಗೆ ಹೇಳಬೇಕಾಗಿರಲಿಲ್ಲ. ಮೆಲ್ಲಗೆ ತಲೆಯೆತ್ತಿ ತಂದೆಯ ಕಡೆ ನೋಡಿದಳು. ನೋಡಿ, ಬಾಯಿ ಬಿಡಲಿಲ್ಲ. ಈ ಸಲವೂ ಅವಳು ಹೇಳುವುದಿಲ್ಲ ಎಂದು ಮುರ್ತುಜಸಾಬರಿಗೆ ತಿಳಿಯಿತು. ಸುಳ್ಳಿ ಅನ್ನಿಸಿಕೊಂಡು ನಿಂತಾಳು, ತಂದೆಯ ಹೆಸರು ತೆಗೆಯಲಿಕ್ಕಿಲ್ಲ. ಅದನ್ನು ತಾಳುವುದು ಅವರ ಕೈಲಾಗಲಿಲ್ಲ.

"ಮೇಡಂ, ಆಕಿದು ಖರೆ ಐತ್ರಿ," ಎಂದು ಮುಂದೆ ಬಂದರು. "ಸೋಸಿದಾಂವ ನಾ. ಹಂಗ ತುಂಬ್ರಿ ಅಂದಿದ್ಲು, ಕೇಳಲಿಲ್ಲ. ಎಣ್ಣಿ ಮಬ್ಬಾಗಿತ್ತು, ಕೊಳಿ ಅಂತ ತಿಳದೆ. ನಿನ್ನಿ ಬಂದು ಹತ್ತು ಲೀಟರ್ ಪುಡಿ ಎಣ್ಣಿ ಕೆಳಗಿಂದ ಹಾಕಿದಾಂವನೂ ನಾನ. ಕನಕಪ್ಪನ್ನ ಕೇಳ್ರಿ. ಇಳಿಸಿದ ತಿಳಿ ಎಣ್ಣಿ ನನ್ನ ಶೆಡ್ಡಿನ್ಯಾಗ ಐತಿ, ಒಂದು ಹನಿ ಚೆಲ್ಲಿಲ್ಲ, ತಂದು ತೋರಸ್ತೇನಿ."

"ಯಾಕೆ ಹಾಕಿದ್ರಿ?"

"ಆಕಿ ಮಾನ ಉಳಸೂಣು ಅಂತ ಹಾಕಿದೆ ಅಂದ್ಕೊಂಡಿದ್ದೆರಿ." ಹಳದಿ ಸಹಿಯ ಕಡೆ ಕೈ ತೋರಿಸಿದರು. "ನಂದ ಉಳಿಸ್ಕೊಳ್ಳಾಕ ಹಾಕಿದ್ದು."

ಕನಕಪ್ಪನನ್ನು ಕರೆಸಿದರು. ಅವನು ಹೌದೆಂದ. ಶೆಡ್ಡಿನಿಂದ ಕ್ಯಾನು ಬಂತು, ಅದರ ಎಣ್ಣೆ ತಿಳಿಯಾಗಿತ್ತು. ಶಿವಗಂಗಾ ಮೇಡಂ ಬಹಳ ಹೊತ್ತು ಹಳದಿ ಅಕ್ಷರಗಳನ್ನೇ ನೋಡಿದರು.

"ಇವತ್ತಿನ ಸ್ಯಾಂಪಲ್ ನಡೆಯೋದಿಲ್ಲ," ಎಂದರು ಕೊನೆಗೆ. "ಹಳೆಯ ಬಾಟ್ಲಿಗಳನ್ನು ನಾನೇ ಒಯ್ದು ಬೇರೆ ಕಡೆ ಪರೀಕ್ಷೆ ಮಾಡಿಸ್ತೀನಿ. ಇದನ್ನೆಲ್ಲ ಇಳಿಸಿ, ಮೊದಲಿಂದ ಮತ್ತೆ ಮೂರು ತಿಂಗಳು. ಈ ಸಲ ಪುಡಿ ಸಮೇತ. ಅಲ್ಲಿವರೆಗೂ ಡಿಗ್ರಿ ಮಾತು ಬೇಡ."

ಮೂರು ತಿಂಗಳು. ಆರು ವರ್ಷದ ಮೇಲೆ ಮತ್ತೆ ಮೂರು ತಿಂಗಳು. ಮುರ್ತುಜಸಾಬರು ಮಗಳ ಕಡೆ ತಿರುಗಲು ಹೆದರಿದರು. ಸಾಜಿಯಾ ಹತ್ತಿರ ಬಂದಳು. ಅವಳಿಗೆ ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ.

"ಎರಡು ಸಲ ಹೇಳಿದ್ದೆ ಅಬ್ಬಾ. ಎರಡು ಸಲ."

"ಹೌದವ್ವಾ."

ಅವಳು ತಂದೆಯ ಹೆಗಲಿನ ಚೀಲಕ್ಕೆ ಕೈಹಾಕಿ, ಹಳದಿ ಡಬ್ಬಿ ತೆಗೆದು, ಮುಚ್ಚಳ ತಿರುವಿ, ಕುಂಚ ಅದ್ದಿ ಅವರ ಕೈಗೆ ಕೊಟ್ಟಳು.

"ಬರೀರಿ."

ಮುರ್ತುಜಸಾಬರು ಟಿಸಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ಮೊದಲ ಸಾಲಿನ ಕೆಳಗೆ ನಿನ್ನೆಯ ತಾರೀಖು ಬರೆದರು. ಹತ್ತು ಲೀಟರ್ ಮಬ್ಬು ಎಣ್ಣೆ ಹಾಕಿದ್ದು, ಎಂದು ಬರೆದರು. ಕುಂಚ ತಡೆಯಿತು. ಯಾರಿಗೂ ಹೇಳದೆ, ಎಂದು ತಾವಾಗಿ ಸೇರಿಸಿದರು. ಸಹಿ ಹಾಕಿದರು. ಅಕ್ಷರ ಎಂದಿನಷ್ಟು ದುಂಡಗಾಗಲಿಲ್ಲ.

ಏಳಬೇಕೆನ್ನುವಷ್ಟರಲ್ಲಿ ಸಾಜಿಯಾ ಪಕ್ಕದಲ್ಲಿ ಬಂದು ಕೂತು ಕುಂಚ ತೆಗೆದುಕೊಂಡಳು. ಅವರ ಸಾಲಿನ ಕೆಳಗೆ ಬರೆದಳು: ಸೋಸಿದ್ದು ಗೊತ್ತಿದ್ದೂ ಮೂರು ತಿಂಗಳು ಕೇಳಲಿಲ್ಲ. ಸಾಜಿಯಾ. ಬರೆದು ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು. ಮುರ್ತುಜಸಾಬರು ಅದನ್ನು ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. ಅವಳ ಬೆರಳಿಗೆ ಹತ್ತಿದ ಹಳದಿ ಬಣ್ಣವನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿದರು.

ಶಾಮಿಯಾನದ ಕಡೆಯಿಂದ ಬಸಯ್ಯನವರ ದನಿ ಬಂತು.

"ಸಾಬರ, ಲೈನ್ ಕೊಡೂಣೇನ್ರಿ? ಒಳಗ ಕಲ್ಲು ನಿಂತಾವು."

"ಒಂದೀಟು ತಡೀರಿ ಅಯ್ಯಾರ," ಎಂದರು ಮುರ್ತುಜಸಾಬರು. "ಬಣ್ಣ ಒಣಗಲಿ."